ಸ್ಥಳೀಯ ಬಂಡವಾಳ ಮತ್ತು ರಾಜ್ಯತ್ವ: ಅಲಾಸ್ಕದ ರಾಬರ್ಟ್ ಆಟ್‌ವುಡ್ ಪ್ರಸಂಗ

1959ರ ಜನವರಿ 3ರಂದು ಅಲಾಸ್ಕ ಅಮೆರಿಕದ 49ನೆಯ ರಾಜ್ಯವಾಯಿತು. ರಾಜ್ಯತ್ವಕ್ಕಾಗಿ ನಡೆದ ಹೋರಾಟದ ಚರಿತ್ರೆಯಲ್ಲಿ ಅರ್ನೆಸ್ಟ್ ಗ್ರೂನಿಂಗ್, ಬಾಬ್ ಬಾರ್ಟ್‌ಲೆಟ್‌ರಂಥ ರಾಜಕಾರಣಿಗಳಿಗೆ ಸಂದಷ್ಟು ಗಮನ ಉದ್ಯಮಿಗಳಿಗೆ ಸಂದಿಲ್ಲ. 1949ರಲ್ಲಿ ಅಲ್ಲಿನ ಶಾಸನಸಭೆ ನೇಮಿಸಿದ ರಾಜ್ಯತ್ವ ಸಮಿತಿಯ ಅಧ್ಯಕ್ಷ ಮಾತ್ರ ಒಬ್ಬ ಉದ್ಯಮಿಯೇ: ಆಂಕರೇಜ್ ಟೈಮ್ಸ್ ಪತ್ರಿಕೆಯ ಒಡೆಯ ರಾಬರ್ಟ್ ಆಟ್‌ವುಡ್. ಆತನ ಆಸಕ್ತಿಗೆ ಕಾರಣವೇನು?

ರಾಜ್ಯತ್ವಕ್ಕೆ ಪ್ರಬಲ ವಿರೋಧವೂ ಉದ್ಯಮದಿಂದಲೇ ಬಂದಿತ್ತು. ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬಿ ಮಾರುವ ದೊಡ್ಡ ಕಂಪನಿಗಳ ನೆಲೆ ಸಿಯಾಟಲ್‌ನಂಥ ಹೊರಗಿನ ನಗರಗಳಲ್ಲಿತ್ತು. ಮೀನು ಸಾಗುವ ಕರಾವಳಿಯ ದಾರಿಗಳಲ್ಲಿ ಅವು ನೆಟ್ಟ ಭಾರೀ ಬೋನುಗಳು ಸ್ಥಳೀಯ ಬೆಸ್ತರ ಪಾಲನ್ನು ನುಂಗುತ್ತಿದ್ದವು. 1948ರ ಜನಮತ ಬೋನುಗಳ ವಿರುದ್ಧ ಹೋದರೂ ಫಲವಾಗಲಿಲ್ಲ; 1912ರ ಕಾಯಿದೆ ಮೀನುಗಾರಿಕೆಯ ನಿಯಂತ್ರಣವನ್ನು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರಕ್ಕೇ ಬಿಟ್ಟಿತ್ತು. ದೂರದ ಸರ್ಕಾರವೇ ಈ ಕಂಪನಿಗಳಿಗೆ ಅನುಕೂಲ. ಊರಿನವರ ಕೈಗೆ ಅಧಿಕಾರ ಬಂದರೆ ಬೋನು ಹೋಗುತ್ತದೆ, ತೆರಿಗೆ ಏರುತ್ತದೆ.

ಆಟ್‌ವುಡ್‌ನ ಲೆಕ್ಕ ಬೇರೆ. ಆತ ಆಂಕರೇಜಿಗೆ ಬಂದದ್ದು 1935ರಲ್ಲಿ; ಆತನ ಮಾವ ಬ್ಯಾಂಕರ್. 1940ರಲ್ಲಿ ಸುಮಾರು 3,500 ಜನರಿದ್ದ ಆ ಊರು ಸೇನಾ ನೆಲೆಗಳಿಂದಾಗಿ 1950ರ ಹೊತ್ತಿಗೆ 11,000 ದಾಟಿತು. ಪತ್ರಿಕೆಯ ಜಾಹೀರಾತು, ಬ್ಯಾಂಕಿನ ಠೇವಣಿ ಎರಡೂ ಊರಿನೊಂದಿಗೆ ಬೆಳೆಯುವಂಥವು. ಹಾಗಾಗಿ ರಾಜ್ಯತ್ವದ ಹೋರಾಟವನ್ನು ಉದ್ಯಮಕ್ಕೂ ಜನರಿಗೂ ನಡೆದ ಜಗಳವೆಂದು ಓದುವುದಕ್ಕಿಂತ ನೆಲೆಸಿದ ಬಂಡವಾಳಕ್ಕೂ ಹೊರಗಿನ ಬಂಡವಾಳಕ್ಕೂ ನಡೆದ ಜಗಳವೆಂದು ಓದುವುದು ಹೆಚ್ಚು ಸರಿ.

ಇಲ್ಲಿ ಎಣ್ಣೆಯ ಮಾತು ಬರಲೇಬೇಕು. ಕೆನೈ ಪರ್ಯಾಯದ್ವೀಪದಲ್ಲಿ ಎಣ್ಣೆ ಗುತ್ತಿಗೆ ಹಿಡಿದಿದ್ದ ಆಂಕರೇಜ್ ವ್ಯಾಪಾರಿಗಳ ಕೂಟದಲ್ಲಿ ಆಟ್‌ವುಡ್ ಕೂಡ ಇದ್ದ. 1957ರ ಜುಲೈನಲ್ಲಿ ರಿಚ್‌ಫೀಲ್ಡ್ ಕಂಪನಿಗೆ ಸ್ವಾನ್ಸನ್ ನದಿಯ ಬಳಿ ಎಣ್ಣೆ ಸಿಕ್ಕಿತು. ರಾಜ್ಯತ್ವಕ್ಕಾಗಿ ಆತ ನಡೆಸಿದ ಲಾಬಿಗೆ ಇದೇ ಪ್ರೇರಣೆ ಎನ್ನೋಣವೇ? ಕಾಲಾನುಕ್ರಮ ಒಪ್ಪುವುದಿಲ್ಲ. ಆತನ ಪತ್ನಿ ಇವಾಂಜಲೀನ್ 1944ರಲ್ಲೇ ರಾಜ್ಯತ್ವ ಸಂಘ ಕಟ್ಟಲು ನಿಂತಿದ್ದಳು. 1946ರ ಜನಮತದಲ್ಲಿ ರಾಜ್ಯತ್ವದ ಪರ 9,630, ವಿರುದ್ಧ 6,822 ಮತ ಬಿದ್ದಿದ್ದವು. ಸ್ವಾರ್ಥ ಇರಲಿಲ್ಲವೆಂದಲ್ಲ, ಅದು ಚಳವಳಿಗೆ ನಂತರ ಬಂದು ಸೇರಿಕೊಂಡಿತು. ಎಣ್ಣೆ ಕೆಡವಿದ್ದು ಬೇರೊಂದು ವಾದವನ್ನು: ರಾಜ್ಯ ನಡೆಸುವಷ್ಟು ವರಮಾನ ಅಲಾಸ್ಕಕ್ಕಿಲ್ಲ ಎಂಬ ಆಕ್ಷೇಪ ದುರ್ಬಲವಾಯಿತು. 1958ರ ಜೂನ್ 30ರಂದು ಸೆನೆಟ್ 64–20 ಮತಗಳಿಂದ ರಾಜ್ಯತ್ವ ಮಸೂದೆ ಅಂಗೀಕರಿಸಿತು. ರಾಜ್ಯವಾದ ಮೇಲೆ ಬೋನುಗಳು ಹೋದವು.

ಆದರೆ ‘ಸ್ಥಳೀಯ’ರೆಂದು ಈ ಲಾಬಿ ಎಣಿಸಿದ್ದು ಮುಖ್ಯವಾಗಿ ವಲಸೆ ಬಂದ ಬಿಳಿಯರನ್ನು. ಹೊಸ ರಾಜ್ಯ ತನಗೆ ದೊರೆತ 10 ಕೋಟಿ ಎಕರೆಗೂ ಮಿಕ್ಕ ಭೂಮಿಯನ್ನು ಆರಿಸಿಕೊಳ್ಳಲು ಹೊರಟಾಗ ಮೂಲನಿವಾಸಿಗಳು ತಕರಾರು ತೆಗೆದರು. ಅವರ ಹಕ್ಕುಗಳು 1971ರ ಕಾಯಿದೆಯಲ್ಲಿ ಸುಮಾರು 4.4 ಕೋಟಿ ಎಕರೆ ಭೂಮಿಯಾಗಿ, ಅದನ್ನು ನಿರ್ವಹಿಸುವ ಕಂಪನಿಗಳಾಗಿ ಇತ್ಯರ್ಥಗೊಂಡವು.