ಮದನಪಲ್ಲಿಯ ಹುಡುಗನಿಗೆ ಸಿಕ್ಕಿತಾ?

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನ ಅಂಚಿನಲ್ಲಿದೆ. ಇನ್ನೊಂದಿಷ್ಟು ದೂರ ಹೋದ್ರೆ ಆಂಧ್ರ. ಕೋಲಾರದಲ್ಲಿ ಟೊಮೆಟೊ ರೇಟು ಬಿದ್ದಾಗೆಲ್ಲ ಅಪ್ಪ ಲೋಡನ್ನು ಮದನಪಲ್ಲಿ ಮಾರ್ಕೆಟ್ಟಿಗೆ ತಿರುಗಿಸುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಟೆಂಪೋ ಹತ್ತಿ ಹೋಗಿದ್ದುಂಟು. ನನ್ನ ಪಾಲಿಗೆ ಮದನಪಲ್ಲಿ ಅಂದ್ರೆ ಹರಾಜು ಕೂಗುವವರ ತೆಲುಗು, ಕೊಳೆತ ಹಣ್ಣಿನ ವಾಸನೆ, ವಾಪಸ್ ಬರುವಾಗ ಅಪ್ಪ ಕೊಡಿಸುತ್ತಿದ್ದ ಪೂರಿ. ಅಷ್ಟೇ.

ಜಿಡ್ಡು ಕೃಷ್ಣಮೂರ್ತಿ ಹುಟ್ಟಿದ್ದು ಅದೇ ಊರಲ್ಲಿ, 1895ರ ಮೇ ತಿಂಗಳಲ್ಲಿ, ಅನ್ನೋದು ಗೊತ್ತಾಗಿದ್ದು ನಾನು ಬಿಇ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಆದರೆ ಅವರ ಮುಖವನ್ನು ಅದಕ್ಕೂ ಮುಂಚೆ ನೋಡಿದ್ದೆ. ದೊಡ್ಡಪ್ಪನ ಬಟ್ಟೆ ಚೀಲದಲ್ಲಿದ್ದ ತೆಲುಗು ಪುಸ್ತಕದ ರಟ್ಟಿನ ಮೇಲೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ಒಂದು ಬೆಳಗ್ಗೆ ಎದ್ದು ಹೋದವನು ವಾಪಸ್ ಬರಲಿಲ್ಲ. ತಿರುವಣ್ಣಾಮಲೈಯಲ್ಲಿದ್ದಾನೆ ಅಂತ ಒಬ್ಬರು, ಕಾಶಿಯಲ್ಲಿ ನೋಡಿದೆ ಅಂತ ಇನ್ನೊಬ್ಬರು. ಇಬ್ಬರ ಹೆಸರಲ್ಲಿದ್ದ ಸಾಲವನ್ನು ಅಪ್ಪ ಒಬ್ಬರೇ ಕಟ್ಟಿದರು, ಅತ್ತೆ ಮದುವೆಯನ್ನೂ ಒಬ್ಬರೇ ಮಾಡಿದರು. ನಾನು ಪಿಯುಸಿಗೆ ಬಂದ ವರ್ಷ ದೊಡ್ಡಪ್ಪ ವಾಪಸ್ ಬಂದ. ಅಜ್ಜಿ ಹೊಸಿಲ ಮೇಲೆ ಕೂತಿದ್ದವಳು ಕೇಳಿದ್ದು ಒಂದೇ ಮಾತು. “ದೊರಿಕಿಂದಾ?” ಸಿಕ್ಕಿತಾ ಅಂತ, ನಮ್ಮ ಕಡೆ ಮನೆಮಾತು ತೆಲುಗು. ದೊಡ್ಡಪ್ಪ ಕಾಲು ತೊಳೆದುಕೊಂಡು ಕೊಟ್ಟಿಗೆಗೆ ಹೋಗಿ ಎಮ್ಮೆ ಕರೆಯೋಕೆ ಕೂತ.

ಅಜ್ಜಿಯದು ಅಧ್ಯಾತ್ಮದ ಪ್ರಶ್ನೆ ಅಂತ ಆಗ ಅಂದುಕೊಂಡಿದ್ದೆ. ಅದು ಲೆಕ್ಕದ ಪ್ರಶ್ನೆ ಅಂತ ಅನ್ನಿಸಿದ್ದು ಕೃಷ್ಣಮೂರ್ತಿಯ ಜೀವನಚರಿತ್ರೆ ಓದಿದ ಮೇಲೆ.

ಕೃಷ್ಣಮೂರ್ತಿ ತಾನಾಗಿ ಹುಡುಕಲು ಹೊರಟವರಲ್ಲ. ಅಪ್ಪ ನಾರಾಯಣಯ್ಯ ರೆವಿನ್ಯೂ ಇಲಾಖೆಯ ನೌಕರ, ಥಿಯಾಸಫಿಸ್ಟ್. ತಾಯಿ 1905ರಲ್ಲೇ ತೀರಿಕೊಂಡಿದ್ದರು. ರಿಟೈರ್ ಆದ ಅಪ್ಪ 1909ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನ ಅಡ್ಯಾರಿಗೆ, ಥಿಯಾಸಫಿಕಲ್ ಸೊಸೈಟಿಯ ಕೆಲಸಕ್ಕೆ ಬಂದರು. ಹುಡುಗ ಸ್ಕೂಲಲ್ಲಿ ದಡ್ಡ ಅಂತ ಹೊಡೆಸಿಕೊಳ್ಳುತ್ತಿದ್ದ. ಅಡ್ಯಾರಿನ ಬೀಚಿನಲ್ಲಿ ಅವನನ್ನು ನೋಡಿದ ಲೆಡ್‌ಬೀಟರ್ ಎಂಬ ಇಂಗ್ಲಿಷ್ ಥಿಯಾಸಫಿಸ್ಟ್, ಈ ಹುಡುಗನ ಪ್ರಭೆಯಲ್ಲಿ ಸ್ವಾರ್ಥದ ಕಲೆಯೇ ಇಲ್ಲ, ಇವನೇ ಮುಂದೆ ಜಗದ್ಗುರು ಇಳಿದು ಬರುವ ದೇಹ ಎಂದುಬಿಟ್ಟರು. ಆನಿ ಬೆಸೆಂಟ್ ಒಪ್ಪಿದರು. 1911ರಲ್ಲಿ ‘ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್’ ಎಂಬ ಸಂಸ್ಥೆ ಶುರುವಾಯಿತು. ಅಧ್ಯಕ್ಷ ಈ ಹುಡುಗನೇ. ಹದಿನಾರು ವರ್ಷ ವಯಸ್ಸು. ಇಡೀ ಸಂಸ್ಥೆ ಕಾಯುತ್ತಿದ್ದದ್ದು ತನ್ನ ಅಧ್ಯಕ್ಷ ಇನ್ನೊಬ್ಬನಾಗಿ ಬದಲಾಗಲಿ ಅಂತ!

ಮೊದಲ ಬಿಲ್ಲು ಹೋಗಿದ್ದು ನಾರಾಯಣಯ್ಯನವರಿಗೆ. ಮಕ್ಕಳನ್ನು ವಾಪಸ್ ಕೊಡಿ ಅಂತ ಅವರು 1912ರಲ್ಲಿ ಕೋರ್ಟಿಗೆ ಹೋದರು, 1913ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದರು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಬೆಸೆಂಟ್ ಗೆದ್ದರು. ಅಷ್ಟೊತ್ತಿಗೆ ಮಕ್ಕಳು ಇಂಗ್ಲೆಂಡಿನಲ್ಲಿದ್ದರು. ಅಪ್ಪನ ಕಡೆಯಿಂದ ಈ ಕಥೆಯನ್ನು ಹೇಳುವವರು ಕಡಿಮೆ.

ಇಂಗ್ಲೆಂಡಿನಲ್ಲಿ ಜಗದ್ಗುರು ಆಗಬೇಕಾದವನು ಲಂಡನ್ ಮೆಟ್ರಿಕ್ಯುಲೇಶನ್ನಿನಲ್ಲಿ ಮತ್ತೆ ಮತ್ತೆ ಫೇಲಾದ. (ಎಂ-ತ್ರೀ ಪೇಪರಿನಲ್ಲಿ ಎರಡು ಸಲ ಬಿದ್ದ ನನಗೆ ಈ ಭಾಗ ಓದಿ ಎಷ್ಟು ಸಮಾಧಾನ ಆಯ್ತು ಅಂದ್ರೆ...) ತಮ್ಮ ನಿತ್ಯಾನಂದ ಚುರುಕು, ಕಾನೂನು ಓದಿದ. ಆದರೆ ಅವನಿಗೆ ಕ್ಷಯ ಹಿಡಿಯಿತು. ಬಿಸಿಲು, ಒಣ ಗಾಳಿ ಇರುವ ಜಾಗ ಅಂತ ಅಣ್ಣತಮ್ಮ ಕ್ಯಾಲಿಫೋರ್ನಿಯಾದ ಓಹಾಯ್ ಕಣಿವೆಗೆ ಹೋಗಿದ್ದು ಅದಕ್ಕೇ. 1922ರ ಆಗಸ್ಟಿನಲ್ಲಿ ಅಲ್ಲಿ ಒಂದು ಮರದ ಕೆಳಗೆ ಕೃಷ್ಣಮೂರ್ತಿಗೆ ದೊಡ್ಡ ಅನುಭವ ಆಯಿತು. ಹುಡುಕಾಟ ಮುಗಿಯಿತು ಅಂತ ಹೇಳೋದಾದರೆ ಬಹಳಷ್ಟು ಜನ ಗುರುತು ಹಾಕುವುದು ಅಲ್ಲಿ. ನನಗೆ ಹಾಗನ್ನಿಸಲ್ಲ. ನಾನು ಗುರುತು ಹಾಕುವುದು ಮೂರು ವರ್ಷದ ಮೇಲೆ, ಒಂದು ಹಡಗಿನ ಕ್ಯಾಬಿನ್ನಿನಲ್ಲಿ.

1925ರ ಕೊನೆಗೆ ಅಡ್ಯಾರಿನಲ್ಲಿ ಸೊಸೈಟಿಯ ಐವತ್ತನೇ ವರ್ಷದ ಸಮಾವೇಶ. ನಿತ್ಯನ ಸ್ಥಿತಿ ಓಹಾಯ್‌ನಲ್ಲಿ ಬಿಗಡಾಯಿಸಿತ್ತು. ಆದರೂ ಕೃಷ್ಣಮೂರ್ತಿ ಹಡಗು ಹತ್ತಿದರು. ಯಾಕೆಂದರೆ ‘ಮಾಸ್ಟರ್’ಗಳು, ಅಂದರೆ ಥಿಯಾಸಫಿಯ ಅದೃಶ್ಯ ಗುರುಗಳು, ನಿತ್ಯನಿಗೆ ಏನೂ ಆಗಲ್ಲ, ಮುಂದಿನ ಕೆಲಸಕ್ಕೆ ಅವನು ಬೇಕು ಅಂತ ಭರವಸೆ ಕೊಟ್ಟಿದ್ದಾರೆ ಎಂದು ಎಲ್ಲರೂ ನಂಬಿದ್ದರು. ಹಡಗು ಸೂಯೆಜ್ ಹತ್ತಿರ ಬಂದಾಗ ಟೆಲಿಗ್ರಾಂ ಬಂತು. ನವೆಂಬರ್ 13ರಂದು ನಿತ್ಯ ತೀರಿಕೊಂಡಿದ್ದ.

ಆ ಕ್ಯಾಬಿನ್ನಿನಲ್ಲಿ ಜೊತೆಗಿದ್ದವರು ನಮ್ಮ ಮಂಗಳೂರಿನವರು, ಬೆನಗಲ್ ಶಿವರಾವ್. ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಅವರ ಸಹೋದರ. ಮುಂದೆ ತಾವೂ ಆ ಸಭೆಯ ಸದಸ್ಯರಾಗಿದ್ದರು. ರಾತ್ರಿಯೆಲ್ಲ ಕೃಷ್ಣಮೂರ್ತಿ ನಿದ್ದೆಯಲ್ಲೂ ಅಳುತ್ತಿದ್ದರು, ತಮ್ಮನನ್ನು ತೆಲುಗಿನಲ್ಲಿ ಕರೆಯುತ್ತಿದ್ದರು, ಎಚ್ಚರದಲ್ಲಿ ಮರೆತೇಹೋಗಿದ್ದ ಭಾಷೆಯಲ್ಲಿ, ಅಂತ ನಮಗೆ ಗೊತ್ತಾಗಿರುವುದು ಶಿವರಾವ್ ಅವರಿಂದ. ಸುಮಾರು ಹತ್ತು ದಿನ ಹೀಗೆ. ಹಡಗು ಕೊಲಂಬೊ ಮುಟ್ಟುವ ಹೊತ್ತಿಗೆ ಮುಖ ಶಾಂತವಾಗಿತ್ತಂತೆ.

ಆ ಹತ್ತು ದಿನದಲ್ಲಿ ಏನು ಮುರಿಯಿತು ಅನ್ನೋದಕ್ಕೆ ಉತ್ತರ ನಾಲ್ಕು ವರ್ಷ ಬಿಟ್ಟು ಬಂತು. 1929ರ ಆಗಸ್ಟ್ 3, ಹಾಲೆಂಡಿನ ಓಮ್ಮೆನ್. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು ಸೇರಿದ್ದರು. ಎಂಬತ್ತು ದಾಟಿದ ಆನಿ ಬೆಸೆಂಟ್ ಎದುರಿಗೇ ಕೂತಿದ್ದರು. ಮೂವತ್ನಾಲ್ಕು ವರ್ಷದ ಅಧ್ಯಕ್ಷ ಎದ್ದು ನಿಂತು, ಸತ್ಯಕ್ಕೆ ಇಂಥದೇ ಅಂತ ದಾರಿಯಿಲ್ಲ, ಯಾವ ಸಂಸ್ಥೆಯೂ ಯಾರನ್ನೂ ಅಲ್ಲಿಗೆ ತಲುಪಿಸಲ್ಲ, ಆದ್ದರಿಂದ ಇದನ್ನು ಮುಚ್ಚುತ್ತಿದ್ದೇನೆ ಎಂದರು. ಬ್ಯಾರನ್ ಒಬ್ಬ ದಾನ ಕೊಟ್ಟಿದ್ದ ಕೋಟೆಮನೆ, ಎಸ್ಟೇಟು ಅವನಿಗೇ ವಾಪಸ್ ಹೋಯಿತು. ಇವತ್ತಿನ ಸ್ಟಾರ್ಟಪ್ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಫಂಡಿಂಗ್ ತುಂಬಿ ತುಳುಕುತ್ತಿರುವಾಗ ಫೌಂಡರೇ ಎದ್ದು ನಿಂತು, ಈ ಪ್ರಾಡಕ್ಟ್ ಕೆಲಸ ಮಾಡಲ್ಲ ಅಂದ ಹಾಗೆ.

ಆ ಭಾಷಣದ ಧೈರ್ಯವನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೆ ಕೇಳುತ್ತಾ ಕೂತಿದ್ದವರ ಕಡೆಯಿಂದ ಒಮ್ಮೆ ನೋಡಿ. ಹೊಸ ದೆಹಲಿ ಕಟ್ಟಿದ ಎಡ್ವಿನ್ ಲುಟ್ಯೆನ್ಸ್ ಅವರ ಹೆಂಡತಿ ಎಮಿಲಿ, ಈ ಹುಡುಗನನ್ನು ಸಾಕುವ ಭರದಲ್ಲಿ ಗಂಡನನ್ನೂ ಮಕ್ಕಳನ್ನೂ ಕಡೆಗಣಿಸಿದೆ ಅಂತ 1957ರಲ್ಲಿ ಬಂದ ತಮ್ಮ ನೆನಪುಗಳಲ್ಲಿ ತಾವೇ ಒಪ್ಪಿಕೊಂಡಿದ್ದಾರೆ. ಹಾಗೆ ಅಮ್ಮನಿಲ್ಲದೆ ದಾದಿಯರ ಕೈಯಲ್ಲಿ ಬೆಳೆದ ಮಗಳು ಮೇರಿಯೇ ಮುಂದೆ ಕೃಷ್ಣಮೂರ್ತಿಯ ಜೀವನಚರಿತ್ರೆ ಬರೆದರು. ಕೋಟೆ ವಾಪಸ್ ಕೊಡಬಹುದು. ಹದಿನೆಂಟು ವರ್ಷ ಹೇಗೆ ಕೊಡೋದು?

ಹಾಗಾದರೆ ಅಲ್ಲಿಗೆ ಮುಗಿಯಿತಾ? ಹುಡುಕುವವನು ತಾನು ಮೊದಲೇ ಬಯಸಿದ್ದನ್ನೇ ಹುಡುಕಿ ತೆಗೆಯುತ್ತಾನೆ, ಅದಕ್ಕೇ ಹುಡುಕುವುದೇ ಅಡ್ಡಿ ಅಂತ ಅವರು ಮುಂದೆ ಸಾವಿರ ಸಲ ಹೇಳಿದರು. ಆ ಮಾತಿನ ಹಿಂದೆ ನನಗೆ ಕಾಣುವುದು ಮಾಸ್ಟರುಗಳ ಭರವಸೆ. ಎಲ್ಲರೂ ಬಯಸಿದ್ದರು, ಆದ್ದರಿಂದ ಎಲ್ಲರಿಗೂ ಕೇಳಿಸಿತ್ತು. ಆದರೆ ಹುಡುಕಬೇಡಿ ಅಂತ ಹೇಳುವುದಕ್ಕೇ ಐವತ್ತಾರು ವರ್ಷ ದೇಶದಿಂದ ದೇಶಕ್ಕೆ ಓಡಾಡಿದರು. ಭೌತವಿಜ್ಞಾನಿ ಡೇವಿಡ್ ಬೋಮ್ ಎದುರಿಗೆ ಕೂತು, ಎಂಬತ್ತೈದರ ಹತ್ತಿರವೂ, ಮನುಷ್ಯ ಎಲ್ಲಿ ದಾರಿ ತಪ್ಪಿದ ಅಂತ ಮೊದಲಿಂದ ಶುರುಮಾಡಿದರು. ಸಂಸ್ಥೆ ಬೇಡ ಅಂದವರ ಹೆಸರಿನಲ್ಲಿ ಫೌಂಡೇಶನ್‌ಗಳಾದವು, ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಿಂದ ನಮ್ಮ ಕನಕಪುರ ರಸ್ತೆಯ ವ್ಯಾಲಿ ಸ್ಕೂಲ್‌ವರೆಗೆ ಶಾಲೆಗಳಾದವು. ತಮ್ಮ ಪುಸ್ತಕಗಳ ಹಕ್ಕಿಗಾಗಿ ಹಳೆಯ ಜೊತೆಗಾರ ರಾಜಗೋಪಾಲರ ಮೇಲೆ ಅಮೆರಿಕದಲ್ಲಿ ಕೋರ್ಟು ವ್ಯಾಜ್ಯವೂ ಆಗಿ 1974ರಲ್ಲಿ ರಾಜಿಯಾಯಿತು. ತಮ್ಮ ತಾಯಿಗೂ ಕೃಷ್ಣಮೂರ್ತಿಗೂ ಬಹುಕಾಲ ಗುಟ್ಟಿನ ಸಂಬಂಧವಿತ್ತು ಅಂತ ರಾಜಗೋಪಾಲರ ಮಗಳು 1991ರಲ್ಲಿ ಬರೆದರು. ಅದನ್ನೋದಿ ಅವರನ್ನೇ ಕೈಬಿಟ್ಟ ಗೆಳೆಯರು ನನಗಿದ್ದಾರೆ. ನಾನು ಬಿಡಲಿಲ್ಲ. ಆದರೆ ‘ಹುಡುಕಾಟ ಮುಗಿದ ಮನುಷ್ಯ’ ಎಂಬ ಚಿತ್ರವನ್ನು ಗೋಡೆಯಿಂದ ಇಳಿಸಿದೆ.

ಕೊನೆಯ ಸಾರ್ವಜನಿಕ ಭಾಷಣ 1986ರ ಜನವರಿ 4ರಂದು, ಮದ್ರಾಸಿನ ವಸಂತ ವಿಹಾರದಲ್ಲಿ. ಕ್ಯಾನ್ಸರ್ ಇಳಿಸಿಬಿಟ್ಟಿತ್ತು. ಓಹಾಯ್‌ಗೆ ಹೊರಡುವ ಮುಂಚೆ ಸಂಜೆ ಅಡ್ಯಾರಿನ ಬೀಚಿನಲ್ಲಿ ನಡೆದರು. ಲೆಡ್‌ಬೀಟರ್ ನೋಡಿದ್ದು ಅಲ್ಲೇ, ಎಪ್ಪತ್ತೇಳು ವರ್ಷದ ಹಿಂದೆ. ಫೆಬ್ರವರಿ 17ರಂದು ಓಹಾಯ್‌ನಲ್ಲಿ ತೀರಿಕೊಂಡರು.

ಮೂರು ವರ್ಷದ ಹಿಂದೆ ದೊಡ್ಡಪ್ಪ ತನ್ನ ಪಾಲಿನ ಮಾವಿನ ತೋಪನ್ನು ಅಪ್ಪನ ಹೆಸರಿಗೆ ಬರೆದುಕೊಟ್ಟ. ಯಾಕೆ ಅಂತ ಅವನು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿಂದ ಬಂದು ಅಪ್ಪ ಅಮ್ಮನ ಹತ್ತಿರ “ಅಸಲು ಬಂತು” ಅಂದರಂತೆ. ಬಡ್ಡಿಯ ಮಾತು ಎತ್ತಲಿಲ್ಲ. ಈಗ ರೇಟು ಬಿದ್ದಾಗ ಇಬ್ಬರೂ ಒಂದೇ ಟೆಂಪೋದಲ್ಲಿ ಮದನಪಲ್ಲಿಗೆ ಹೋಗುತ್ತಾರೆ.