ಮರವೋ, ಜಾಲವೋ? – ಸರ್ನ್ ಸಂಸ್ಥೆಯ ಒಂದು ಆಯ್ಕೆಯ ಇತಿಹಾಸ

ತಾಂತ್ರಿಕ ಕೆಲಸದಲ್ಲಿ ತೊಡಗಿದ ತಂಡವೊಂದು ತನ್ನ ಕೈಪಿಡಿಗಳನ್ನೂ ವರದಿಗಳನ್ನೂ ಟಿಪ್ಪಣಿಗಳನ್ನೂ ಎಲ್ಲಿ, ಯಾವ ಕ್ರಮದಲ್ಲಿ ಇಡಬೇಕು ಎಂಬುದು ಮೇಲ್ನೋಟಕ್ಕೆ ಗುಮಾಸ್ತರು ಬಗೆಹರಿಸಬೇಕಾದ ಸಣ್ಣ ಸಂಗತಿಯಂತೆ ಕಾಣುತ್ತದೆ. ಇಂದು ಈ ಕೆಲಸಕ್ಕಾಗಿಯೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಹೆಸರಿನ ತಂತ್ರಾಂಶಗಳು ಹತ್ತಾರು ಇವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಚರ್ಚೆ ಕಚೇರಿಗಳಲ್ಲಿ ನಡೆಯುತ್ತಲೇ ಇರುತ್ತದೆ. ಇದೇ ಪ್ರಶ್ನೆಗೆ ಯುರೋಪಿನ ಒಂದು ಪ್ರಯೋಗಾಲಯದಲ್ಲಿ ಉತ್ತರ ಹುಡುಕಹೊರಟಾಗ ಹುಟ್ಟಿಕೊಂಡದ್ದೇ ವಿಶ್ವವ್ಯಾಪಿ ಜಾಲ, ಅಂದರೆ ವರ್ಲ್ಡ್ ವೈಡ್ ವೆಬ್. ಆ ಕಥೆಯನ್ನು ಒಬ್ಬ ಪ್ರತಿಭಾವಂತನ ಸಾಹಸವೆಂದು ಹೇಳುವುದು ವಾಡಿಕೆ. ನಾನು ಅದನ್ನು ಒಂದು ಆಯ್ಕೆಯ ಕಥೆಯಾಗಿ ಪರಿಶೀಲಿಸಲು ಇಚ್ಛಿಸುತ್ತೇನೆ. ಏನನ್ನು ಉಳಿಸಿಕೊಳ್ಳಬೇಕು, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕು ಎಂಬ ವಿವೇಚನೆಯೇ ಅದರ ತಿರುಳು.

ಜಿನೀವಾ ನಗರದ ಸಮೀಪ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಸರ್ನ್ ಸ್ಥಾಪನೆಯಾದದ್ದು 1954ರಲ್ಲಿ. ಪರಮಾಣುವಿನ ಅಂತರಾಳದ ಕಣಗಳನ್ನು ಅಭ್ಯಸಿಸುವುದು ಅದರ ಉದ್ದೇಶ. 1980ರ ದಶಕದಲ್ಲಿ ಅಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವನ್ನು ಕೊರೆದು ಲೆಪ್ ಎಂಬ ಬೃಹತ್ ಕಣವೇಗವರ್ಧಕವನ್ನು ನಿರ್ಮಿಸಲಾಗುತ್ತಿತ್ತು. ನಾನಾ ದೇಶಗಳ ಸಾವಿರಾರು ವಿಜ್ಞಾನಿಗಳು, ಎಂಜಿನಿಯರುಗಳು ಅಲ್ಲಿಗೆ ಬಂದು ಹೋಗುತ್ತಿದ್ದರು. ಅವರು ಬಳಸುತ್ತಿದ್ದ ಗಣಕಯಂತ್ರಗಳೂ ಒಂದೇ ಬಗೆಯವಲ್ಲ. ಐಬಿಎಂ ಮೇನ್‌ಫ್ರೇಮ್, ವ್ಯಾಕ್ಸ್, ಯುನಿಕ್ಸ್, ಮ್ಯಾಕಿಂಟಾಷ್ ಹೀಗೆ ಪ್ರತಿಯೊಂದಕ್ಕೂ ಅದರದೇ ಭಾಷೆ, ಅದರದೇ ಕಡತಪದ್ಧತಿ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬಹುಮಂದಿ ಅಲ್ಲಿ ಸುಮಾರು ಎರಡು ವರ್ಷಗಳಷ್ಟೇ ನಿಲ್ಲುತ್ತಿದ್ದರು. ಅವರು ಹೊರಟ ದಿನ ಅವರ ತಲೆಯಲ್ಲಿದ್ದ ವಿವರಗಳೂ ಅವರೊಡನೆ ಹೊರಟುಹೋಗುತ್ತಿದ್ದವು.

ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಈ ಕಷ್ಟ ಹೊಸದಲ್ಲ. ಹಳೆಯ ಗುಮಾಸ್ತರು ವರ್ಗವಾಗಿ ಹೋದರೆ, ದಾಖಲಾತಿ ಪುಸ್ತಕಗಳು ಬೀರುವಿನಲ್ಲಿಯೇ ಇದ್ದರೂ ಯಾವ ವರ್ಷದ ವಿವರ ಯಾವ ಪುಸ್ತಕದಲ್ಲಿದೆ ಎಂಬುದು ಯಾರಿಗೂ ತಿಳಿಯದೆ, ಒಂದು ವರ್ಗಾವಣೆ ಪತ್ರಕ್ಕಾಗಿ ಬಂದ ಹಳೆಯ ವಿದ್ಯಾರ್ಥಿ ದಿನವಿಡೀ ಕಾಯಬೇಕಾಗುತ್ತಿತ್ತು. ಕಾಗದ ಕಳೆದುಹೋಗಿರಲಿಲ್ಲ, ಕಾಗದಕ್ಕೂ ಕಾಗದಕ್ಕೂ ಇದ್ದ ಸಂಬಂಧದ ಅರಿವು ಕಳೆದುಹೋಗಿತ್ತು. ಸರ್ನ್‌ನಲ್ಲಿ ಇದೇ ತೊಂದರೆ ಸಾವಿರ ಪಾಲು ದೊಡ್ಡದಾಗಿತ್ತು ಎನ್ನಬಹುದು.

ಇದನ್ನು ಮೊದಲು ತನ್ನ ಮಟ್ಟಿಗೆ ಪರಿಹರಿಸಿಕೊಳ್ಳಲು ಯತ್ನಿಸಿದವನು ಟಿಮ್ ಬರ್ನರ್ಸ್-ಲೀ. 1955ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ 1980ರಲ್ಲಿ ಆರು ತಿಂಗಳ ಗುತ್ತಿಗೆ ಕೆಲಸಕ್ಕೆಂದು ಸರ್ನ್‌ಗೆ ಬಂದನು. ಯಾವ ಯಂತ್ರಕ್ಕೆ ಯಾವ ಪ್ರೋಗ್ರಾಂ, ಅದನ್ನು ಬರೆದವರು ಯಾರು ಎಂಬುದನ್ನು ನೆನಪಿಡಲಾರದೆ ಎನ್‌ಕ್ವೈರ್ ಎಂಬ ತಂತ್ರಾಂಶವನ್ನು ರಚಿಸಿಕೊಂಡನು. ವಿಕ್ಟೋರಿಯಾ ಕಾಲದ ಒಂದು ಗೃಹೋಪಯೋಗಿ ಕೈಪಿಡಿಯ ಹೆಸರಿನಿಂದ ತೆಗೆದುಕೊಂಡ ಪದವದು. ಅದರಲ್ಲಿ ಪ್ರತಿಯೊಂದು ಟಿಪ್ಪಣಿಯನ್ನೂ ಬೇರೆ ಟಿಪ್ಪಣಿಗಳಿಗೆ ಕೊಂಡಿಗಳ ಮೂಲಕ ಜೋಡಿಸಬಹುದಾಗಿತ್ತು. ಗುತ್ತಿಗೆ ಮುಗಿದು ಆತ ಹೊರಟಾಗ ತಂತ್ರಾಂಶದ ತಟ್ಟೆಯನ್ನು ಅಲ್ಲಿಯೇ ಬಿಟ್ಟುಹೋದನು. ಅದು ಕೊನೆಗೆ ಕಾಣೆಯಾಯಿತು. ನೆನಪನ್ನು ಕಾಪಾಡಲೆಂದು ಮಾಡಿದ ಸಾಧನವೇ, ಅದನ್ನು ಮಾಡಿದಾತ ಹೊರಟೊಡನೆ ನಾಶವಾಯಿತೆಂಬುದು ಗಮನಾರ್ಹ.

1984ರಲ್ಲಿ ಮರಳಿ ಬಂದ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಮಾಹಿತಿ ನಿರ್ವಹಣೆಯ ಬಗ್ಗೆ ಒಂದು ಪ್ರಸ್ತಾವನೆಯನ್ನು ಬರೆದು ಮೇಲಧಿಕಾರಿಗಳಿಗೆ ಸಲ್ಲಿಸಿದನು. ಈ ಘಟಕವನ್ನು ಎಲ್ಲೆಲ್ಲಿ ಬಳಸಲಾಗಿದೆ? ಇದನ್ನು ಬರೆದವರು ಯಾರು, ಈಗ ಅವರು ಎಲ್ಲಿದ್ದಾರೆ? ಈ ಉಪಕರಣವನ್ನು ಅವಲಂಬಿಸಿದ ವ್ಯವಸ್ಥೆಗಳು ಯಾವುವು? ಇಂಥ ಪ್ರಶ್ನೆಗಳಿಗೆ ಸಂಸ್ಥೆಯಲ್ಲಿ ಉತ್ತರವಿದ್ದರೂ ಅದು ಸಿಗುತ್ತಿಲ್ಲ ಎಂಬುದೇ ಆತನ ವಾದದ ಆರಂಭ. ಸಂಸ್ಥೆಯಲ್ಲಿ ಆಗಲೇ ಸರ್ನ್‌ಡಾಕ್ ಎಂಬ ದಾಖಲೆ ವ್ಯವಸ್ಥೆಯಿತ್ತು. ಅದು ಮರದ ಆಕಾರದ್ದು: ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯ ತುದಿಯಲ್ಲಿ ದಾಖಲೆ. ಪ್ರತಿಯೊಂದು ದಾಖಲೆಗೂ ಒಂದೇ ನಿರ್ದಿಷ್ಟ ಸ್ಥಾನ ದೊರೆಯುತ್ತದೆಂಬುದು ಮರದ ಅನುಕೂಲ. ಆದರೆ ವಾಸ್ತವ ಜಗತ್ತು ಮರದಂತಿಲ್ಲ. ಹೆಸರಿಗೆ ಸಂಸ್ಥೆಯಲ್ಲಿ ವಿಭಾಗ, ಉಪವಿಭಾಗಗಳ ಶ್ರೇಣಿಯಿದ್ದರೂ, ನಿಜವಾದ ಕೆಲಸ ನಡೆಯುವುದು ಅಡ್ಡಡ್ಡ ಸಂಬಂಧಗಳಿಂದಲೇ ಎಂಬುದನ್ನು ಆತ ಎತ್ತಿ ತೋರಿಸಿದನು. ಸೂಚಕ ಪದಗಳ ಮೂಲಕ ಹುಡುಕುವ ವಿಧಾನವೂ ಸಾಲದು. ಒಂದೇ ವಿಷಯಕ್ಕೆ ಇಬ್ಬರು ಒಂದೇ ಪದವನ್ನು ಆರಿಸುವುದಿಲ್ಲ.

ಈ ತೊಡಕು ಗ್ರಂಥಾಲಯ ಶಾಸ್ತ್ರಕ್ಕೆ ಬಹುಕಾಲದಿಂದ ಪರಿಚಿತವಾದದ್ದು. ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ, ಒಂದು ಪುಸ್ತಕವನ್ನು ಒಂದೇ ಕೊಂಬೆಗೆ ಕಟ್ಟಿಹಾಕದೆ, ವಸ್ತು, ಕ್ರಿಯೆ, ದೇಶ, ಕಾಲ ಮೊದಲಾದ ಮುಖಗಳಿಂದ ಅದನ್ನು ಗುರುತಿಸುವ ಮಾರ್ಗವನ್ನು ತೋರಿಸಿದ್ದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರಕ್ಕಾಗಿಯೇ ಒಂದು ಸಂಶೋಧನ ಕೇಂದ್ರವನ್ನು ಆರಂಭಿಸಿದರು. 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ರಂಗನಾಥನ್ ಅವರದು ಗ್ರಂಥಪಾಲಕನು ಕೂತು ಯೋಚಿಸಿ ನೀಡುವ ವರ್ಗೀಕರಣ. ಬರ್ನರ್ಸ್-ಲೀ ಹಿಡಿದದ್ದು ಬೇರೆ ದಾರಿ: ವರ್ಗೀಕರಣದ ಗೋಜಿಗೇ ಹೋಗದೆ, ಬರೆಯುವವನೇ ತನಗೆ ಕಂಡ ಸಂಬಂಧವನ್ನು ಕೊಂಡಿಯಾಗಿ ಬರೆದಿಡಲಿ, ಯಂತ್ರ ಯಾವುದಾದರೂ ಇರಲಿ, ಕೇಂದ್ರದ ಅಪ್ಪಣೆ ಬೇಡ, ಇರುವ ದಾಖಲೆಗಳನ್ನು ಇರುವಲ್ಲಿಯೇ ಬಿಟ್ಟು ಜೋಡಿಸೋಣ.

ಪ್ರಸ್ತಾವನೆಯನ್ನು ಓದಿದ ಮೇಲಧಿಕಾರಿ ಮೈಕ್ ಸೆಂಡಾಲ್ ಅದರ ಮುಖಪುಟದ ಮೇಲೆ, ಇದು ಅಸ್ಪಷ್ಟ, ಆದರೂ ಕುತೂಹಲಕರ ಎಂಬ ಅರ್ಥದ ಷರಾ ಬರೆದರು. ಅದೇ ಬೇಸಿಗೆಯಲ್ಲಿ ಲೆಪ್ ಯಂತ್ರ ಚಾಲನೆಗೊಳ್ಳುವುದರಲ್ಲಿತ್ತು. ದಾಖಲೆಗಳ ಪ್ರಶ್ನೆಗೆ ಪುರುಸೊತ್ತು ಯಾರಿಗಿತ್ತು? ಮುಂದಿನ ವರ್ಷ ಪ್ರಸ್ತಾವನೆಯನ್ನು ಮತ್ತೊಮ್ಮೆ ಹಂಚಲಾಯಿತು. ಸೆಂಡಾಲ್ ಅವರು 1990ರ ಸೆಪ್ಟೆಂಬರ್‌ನಲ್ಲಿ ನೆಕ್ಸ್ಟ್ ಎಂಬ ಗಣಕಯಂತ್ರವನ್ನು ಕೊಳ್ಳಲು ಅನುಮತಿ ನೀಡಿದರು. ಬೆಲ್ಜಿಯಂನ ರಾಬರ್ಟ್ ಕೈಯೋ ಜತೆಗೂಡಿದನು.

ಕೊಳ್ಳುವುದೋ, ತಾವೇ ಕಟ್ಟುವುದೋ ಎಂಬ ಪ್ರಶ್ನೆ ಆಗ ಎದುರಾಯಿತು. ಪರದೆಯ ಮೇಲೆ ಕೊಂಡಿಗಳನ್ನು ತೋರಿಸಬಲ್ಲ ಹೈಪರ್‌ಟೆಕ್ಸ್ಟ್ ತಂತ್ರಾಂಶಗಳು ಅಷ್ಟರಲ್ಲಿಯೇ ಮಾರುಕಟ್ಟೆಗೆ ಬಂದಿದ್ದವು. 1990ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬರ್ನರ್ಸ್-ಲೀ, ಗೈಡ್ ಎಂಬ ತಂತ್ರಾಂಶದ ತಯಾರಕರನ್ನು ಕಂಡು, ಅದನ್ನು ಅಂತರಜಾಲಕ್ಕೆ ಹೊಂದಿಸಿಕೊಡುವಂತೆ ಕೇಳಿದನು. ಅವರು ಒಪ್ಪಲಿಲ್ಲ. ಕೊನೆಗೆ ತಾನೇ ಬರೆಯಲು ಕೂತು, ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಮೊದಲ ಸರ್ವರ್ ಹಾಗೂ ಬ್ರೌಸರ್ ಸಿದ್ಧಪಡಿಸಿದನು. ಇದು ಸರ್ವರ್, ಆರಿಸಬೇಡಿ ಎಂಬ ಎಚ್ಚರಿಕೆಯ ಚೀಟಿಯನ್ನು ಆ ನೆಕ್ಸ್ಟ್ ಯಂತ್ರಕ್ಕೆ ಅಂಟಿಸಲಾಗಿತ್ತು.

ಅಂದಿನ ವಿದ್ವಾಂಸರಿಗೆ ಸರಿಬೀಳದ ಒಂದು ನಿರ್ಧಾರ ಈ ವ್ಯವಸ್ಥೆಯ ಜೀವಾಳವಾಗಿತ್ತು. ಅದುವರೆಗಿನ ಉತ್ತಮ ಹೈಪರ್‌ಟೆಕ್ಸ್ಟ್ ವ್ಯವಸ್ಥೆಗಳು ಎಲ್ಲ ಕೊಂಡಿಗಳನ್ನೂ ಒಂದು ಕೇಂದ್ರ ಕೋಶದಲ್ಲಿ ಇಟ್ಟು, ಯಾವ ಕೊಂಡಿಯೂ ಮುರಿಯದಂತೆ ಕಾಯುತ್ತಿದ್ದವು. ಬರ್ನರ್ಸ್-ಲೀ ಆ ಕೋಶವನ್ನೇ ಕೈಬಿಟ್ಟನು. ಯಾರು ಬೇಕಾದರೂ ಯಾರನ್ನೂ ಕೇಳದೆ ಕೊಂಡಿ ಹಾಕಬಹುದು. ಆದರೆ ಆಚೆಯ ಪುಟ ಅಳಿದರೆ ಕೊಂಡಿ ಮುರಿಯುತ್ತದೆ. ಪುಟ ಸಿಗಲಿಲ್ಲ ಎಂದು ನಮಗೆಲ್ಲ ಕಾಣಿಸುವ 404 ಎಂಬ ಅಂಕಿ ಆ ತ್ಯಾಗದ ಗುರುತು. ಪೂರ್ಣತೆಯನ್ನು ಬಿಟ್ಟುಕೊಟ್ಟದ್ದರಿಂದಲೇ ವಿಸ್ತಾರ ಸಾಧ್ಯವಾಯಿತು.

ಆದರೂ ಸರ್ನ್‌ನ ಜನ ಅದನ್ನು ಒಪ್ಪಿದ್ದು ತತ್ತ್ವದಿಂದಲ್ಲ, ದೂರವಾಣಿ ಪುಸ್ತಕದಿಂದ! ಸಂಸ್ಥೆಯ ದೂರವಾಣಿ ಸಂಖ್ಯೆಗಳು ಮೇನ್‌ಫ್ರೇಮಿನಲ್ಲಿದ್ದವು. ಒಂದು ಸಂಖ್ಯೆಗಾಗಿ ಆ ಯಂತ್ರದೊಳಗೆ ಪ್ರವೇಶಿಸುವುದು ತಲೆನೋವಿನ ಕೆಲಸ. ಬರ್ನ್ಡ್ ಪೋಲರ್‌ಮನ್ ಎಂಬಾತ ಆ ಮಾಹಿತಿಯನ್ನು ಜಾಲಕ್ಕೆ ತಂದನು. ನಿಕೋಲಾ ಪೆಲ್ಲೋ ಎಂಬ ವಿದ್ಯಾರ್ಥಿನಿ, ಯಾವ ಸಾಮಾನ್ಯ ಟರ್ಮಿನಲ್‌ನಲ್ಲಾದರೂ ಓಡಬಲ್ಲ ಸರಳ ಬ್ರೌಸರನ್ನು ಬರೆದಳು. ನಿತ್ಯದ ಒಂದು ಸಣ್ಣ ಅಗತ್ಯವನ್ನು ಪೂರೈಸಿದ ಮೇಲೆ ಜಾಲಕ್ಕೆ ಬಳಕೆದಾರರು ದೊರೆತರು. 1991ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಅಮೆರಿಕದ ಮೊದಲ ವೆಬ್ ಸರ್ವರನ್ನು ಪಾಲ್ ಕುಂಜ್ ಆರಂಭಿಸಿದರು. ಅಲ್ಲಿನ ಗ್ರಂಥಪಾಲಕಿ ಲೂಯಿಸ್ ಆಡಿಸ್ ಅವರ ಉತ್ಸಾಹ ಅದಕ್ಕೆ ಬೆಂಬಲವಾಗಿತ್ತು. ಭೌತವಿಜ್ಞಾನದ ಲೇಖನಗಳ ಸೂಚಿ ಅದರ ಮೂಲಕ ದೂರದವರಿಗೂ ದೊರಕಿತು.

ಇದೇ ಪ್ರಗತಿಯಲ್ಲಿ ಒಂದು ನಷ್ಟವೂ ಅಡಗಿತ್ತು. ಬರ್ನರ್ಸ್-ಲೀಯ ಮೂಲ ಬ್ರೌಸರಿನಲ್ಲಿ ಪುಟವನ್ನು ಓದುವುದರ ಜೊತೆಗೆ ಅಲ್ಲಿಯೇ ತಿದ್ದಿ ಬರೆಯಬಹುದಿತ್ತು. ಅದು ಓಡುತ್ತಿದ್ದದ್ದು ನೆಕ್ಸ್ಟ್ ಯಂತ್ರದಲ್ಲಿ ಮಾತ್ರ. ಪೆಲ್ಲೋ ಬರೆದ ಬ್ರೌಸರ್ ಆಗಲಿ, 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಆಗಲಿ ಓದಲಷ್ಟೇ ಆಗುತ್ತಿದ್ದವು. ಹೀಗೆ ತಂಡದ ಸದಸ್ಯರೆಲ್ಲ ಬರೆಯಬೇಕಾಗಿದ್ದ ಪುಸ್ತಕ, ಕೆಲವರು ಬರೆದು ಹಲವರು ಓದುವ ಪುಸ್ತಕವಾಯಿತು. ಕಳೆದುಹೋದ ಆ ಅರ್ಧವನ್ನು ಮರಳಿ ತರುವ ಯತ್ನವಾಗಿಯೇ 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಪ್ರೋಗ್ರಾಂ ಬರೆಯುವವರಿಗಾಗಿ ತೆರೆದ ವಿಕಿಯನ್ನೂ, 2001ರಲ್ಲಿ ಬಂದ ದ್ರುಪಲ್, 2003ರಲ್ಲಿ ಬಂದ ವರ್ಡ್‌ಪ್ರೆಸ್ ಮೊದಲಾದ ತಂತ್ರಾಂಶಗಳನ್ನೂ ಕಾಣಬಹುದೆಂದು ನನಗೆ ತೋರುತ್ತದೆ.

ಜಾಲಕ್ಕೆ ಒಬ್ಬ ಪ್ರಬಲ ಸ್ಪರ್ಧಿಯೂ ಇತ್ತು: ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ರೂಪುಗೊಂಡ ಗೋಫರ್. ಅದು ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ ತೆರೆದುಕೊಳ್ಳುವ, ಮರದ ಆಕಾರದ ಅಚ್ಚುಕಟ್ಟಾದ ವ್ಯವಸ್ಥೆ. ಆರಂಭದಲ್ಲಿ ಜಾಲಕ್ಕಿಂತ ಹೆಚ್ಚು ಬಳಕೆಯಲ್ಲಿತ್ತು. 1993ರ ಮೊದಲ ತಿಂಗಳುಗಳಲ್ಲಿ, ಕೆಲವು ಬಗೆಯ ಬಳಕೆದಾರರಿಂದ ಪರವಾನಗಿ ಶುಲ್ಕ ಪಡೆಯುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಅದನ್ನು ನೆಚ್ಚಿದ್ದವರು ಹಿಂಜರಿದರು. ಅದೇ ವರ್ಷದ ಏಪ್ರಿಲ್ 30ರಂದು ಸರ್ನ್ ತನ್ನ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿತು. ಸಂಸ್ಥೆಯ ಇಬ್ಬರು ನಿರ್ದೇಶಕರು ಸಹಿ ಹಾಕಿದ ಆ ಕಿರು ದಾಖಲೆ ಜಗತ್ತಿನ ದಾರಿಯನ್ನೇ ಬದಲಿಸಿತು. ನಾಳೆ ಯಾರಾದರೂ ಬಾಗಿಲಿಗೆ ಬೀಗ ಹಾಕಬಹುದಾದ ಮನೆಯಲ್ಲಿ ತಮ್ಮ ಜೀವಮಾನದ ಬರಹವನ್ನು ಇಡಲು ಯಾರು ತಾನೇ ಒಪ್ಪುತ್ತಾರೆ?

1994ರಲ್ಲಿ ಬರ್ನರ್ಸ್-ಲೀ ಸರ್ನ್ ತೊರೆದು ಅಮೆರಿಕಕ್ಕೆ ತೆರಳಿದನು. ಜಾಲದ ಮೊದಲ ಪುಟಗಳನ್ನು ಆಗಾಗ ತಿದ್ದಿ ಬರೆಯುತ್ತಿದ್ದುದರಿಂದ ಆರಂಭದ ರೂಪಗಳು ಕ್ರಮವಾಗಿ ಉಳಿಯಲಿಲ್ಲ. 2013ರಲ್ಲಿ ಸರ್ನ್ ತನ್ನ ಮೊದಲ ಜಾಲತಾಣವನ್ನು ಹಳೆಯ ವಿಳಾಸದಲ್ಲಿಯೇ ಮರುಸ್ಥಾಪಿಸಿದಾಗ ಬಳಸಿದ್ದು 1992ರ ಪ್ರತಿಯನ್ನು. ಮಾಹಿತಿ ಕಳೆದುಹೋಗಬಾರದೆಂದು ಹುಟ್ಟಿದ ವ್ಯವಸ್ಥೆ ತನ್ನ ಹುಟ್ಟಿನ ದಾಖಲೆಯನ್ನೇ ಪೂರ್ತಿಯಾಗಿ ಕಾಪಾಡಿಕೊಳ್ಳಲಿಲ್ಲ.

ಆದುದರಿಂದ ಇಂದು ಇಂಥ ವ್ಯವಸ್ಥೆಯನ್ನು ಆರಿಸಹೊರಟ ತಂಡಗಳು ತಂತ್ರಾಂಶಗಳ ಗುಣಾವಗುಣಗಳ ಪಟ್ಟಿಗಿಂತ ಮೊದಲು ಕೆಲವು ಸರಳ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ನಮ್ಮಲ್ಲಿ ಎಲ್ಲರೂ ಬರೆಯಬಲ್ಲರೇ, ಇಲ್ಲವೇ ಓದಬಲ್ಲರಷ್ಟೇ? ನಮ್ಮ ಬರಹವನ್ನು ನಾಳೆ ಬೇರೆಡೆಗೆ ಒಯ್ಯಬಹುದೇ? ದಿನನಿತ್ಯದ ಯಾವ ಒಂದು ಅಗತ್ಯ ಇದರಿಂದ ನೀಗುತ್ತದೆ? ಹಳೆಯ ಪ್ರತಿಯನ್ನು ಎತ್ತಿಡುವ ಹೊಣೆ ಯಾರದು? ಮೊದಲ ಮೂರಕ್ಕೆ ತಂತ್ರಾಂಶ ಉತ್ತರ ಕೊಡಬಹುದು. ಕೊನೆಯದಕ್ಕೆ ಉತ್ತರವಾಗಿ ತಂಡದ ಒಬ್ಬ ವ್ಯಕ್ತಿಯ ಹೆಸರನ್ನು ಬರೆಯಬೇಕು. ಆ ವ್ಯಕ್ತಿ ಹೊರಡುವ ಮುನ್ನ ಅಲ್ಲಿ ಇನ್ನೊಬ್ಬರ ಹೆಸರು ಬರಬೇಕು.