ಡಯಲ್ ಮೇಲಿನ ಹೆಸರಿಗೆ ಎಷ್ಟು ಕೊಡ್ತೀರಿ?

ಮೆಟ್ರೋದಲ್ಲಿ ನಿಂತುಕೊಂಡು, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಂಡು, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ಕಂತು ಶುರುವಾಗಿದ್ದು ನನ್ನ ಒಂದು ಫಿಕ್ಸೆಡ್ ಡೆಪಾಸಿಟ್‌ನಿಂದ. ಮೂರು ವರ್ಷ ಫ್ರೀಲಾನ್ಸ್ ಕೆಲಸ ಮಾಡಿ ಕೂಡಿಟ್ಟ 2 ಲಕ್ಷ ರೂಪಾಯಿ ಮೆಚ್ಯೂರ್ ಆಯ್ತು. ಕಾಲೇಜಿನಿಂದ ಒಂದೇ ಆಸೆ: ಒಂದು ಒಳ್ಳೆ ಮೆಕ್ಯಾನಿಕಲ್ ವಾಚ್ ತಗೋಬೇಕು.

ಅಂಗಡೀಲಿ ಎರಡು ವಾಚ್ ಆರಿಸಿಟ್ಟೆ. ಒಂದು ಸ್ವಿಸ್, ಹೆಚ್ಚುಕಡಿಮೆ ನನ್ನ ಪೂರ್ತಿ ದುಡ್ಡು ತಿನ್ನುತ್ತೆ. ಇನ್ನೊಂದು ಸೀಕೋ, ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೆಲೆ. ಅಕ್ಕಂಗೆ ವಿಡಿಯೋ ಕಾಲ್ ಮಾಡಿ, ಹೆಸರು ಕಾಣದ ಹಾಗೆ ಹೆಬ್ಬೆರಳು ಅಡ್ಡ ಇಟ್ಟು, ಎರಡನ್ನೂ ತೋರಿಸಿದೆ. ಯೋಚನೆನೇ ಮಾಡದೆ ಸೀಕೋ ಕಡೆ ಬೆರಳು ತೋರಿಸಿ "ಇದು ಕಣೋ, ಇದರ ಮುಖ ನೋಡು" ಅಂದ್ಲು. ಬೆರಳು ತೆಗೆದೆ. ಮುಖ ಸಪ್ಪಗಾಯ್ತು. "ಸೀಕೋನಾ? ಅಷ್ಟು ದುಡ್ಡು ಕೊಟ್ಟು? ಸ್ವಿಸ್ಸೇ ತಗೋ, ನಾಲ್ಕು ಜನ ನೋಡ್ತಾರೆ."

ಹತ್ತು ಸೆಕೆಂಡಲ್ಲಿ ವಾಚ್ ಬದಲಾಗಲಿಲ್ಲ, ಅಭಿಪ್ರಾಯ ಬದಲಾಯ್ತು. ಅಕ್ಕನ್ನ ಯಾಕೆ ಬೈಲಿ? ಒಳಗೊಳಗೆ ನನಗೂ ಹಾಗೇ ಅನಿಸಿತ್ತು. ಏನೂ ತಗೊಳ್ಳದೆ ವಾಪಸ್ ಬಂದೆ.

ಬಿಕಾಂ ಓದಿದವರಿಗೆ 'ಗುಡ್‌ವಿಲ್' ಅನ್ನೋ ಪದ ನೆನಪಿರುತ್ತೆ. ಒಂದು ಕಂಪನಿನ ಕೊಂಡುಕೊಳ್ಳುವಾಗ ಅದರ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದಕ್ಕಿಂತ ಎಷ್ಟು ಹೆಚ್ಚು ಕೊಡ್ತೀವೋ ಅದು ಗುಡ್‌ವಿಲ್. ಇದರಲ್ಲಿ ಒಂದು ತಮಾಷೆ ಇದೆ. ಕಂಪನಿ ತಾನೇ ಬೆಳೆಸಿಕೊಂಡ ಒಳ್ಳೆ ಹೆಸರನ್ನ ತನ್ನ ಬ್ಯಾಲೆನ್ಸ್ ಶೀಟ್‌ನಲ್ಲಿ ತೋರಿಸೋ ಹಾಗಿಲ್ಲ. ಬೇರೆಯವರು ದುಡ್ಡು ಕೊಟ್ಟು ಕೊಂಡಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ. ಹಾಗಾದ್ರೆ ಅಲ್ಲಿವರೆಗೆ ಆ ಹೆಸರು ಎಲ್ಲಿರುತ್ತೆ? ನಮ್ಮ ನಿಮ್ಮ ತಲೆಯಲ್ಲಿ. ಅದು ಅಲ್ಲಿಗೆ ಹೇಗೆ ಬಂತು ಅನ್ನೋದೇ ಇವತ್ತಿನ ಕಥೆ.

ಮೊದಲು ರೋಲೆಕ್ಸ್. ಹಾನ್ಸ್ ವಿಲ್ಸ್‌ಡಾರ್ಫ್ ಅನ್ನೋ ಜರ್ಮನ್ ಹುಡುಗ 1905ರಲ್ಲಿ ಲಂಡನ್‌ನಲ್ಲಿ ಒಬ್ಬ ಪಾಲುದಾರನ ಜೊತೆ ವಾಚ್ ವ್ಯಾಪಾರ ಶುರು ಮಾಡಿದ. 1908ರಲ್ಲಿ 'ರೋಲೆಕ್ಸ್' ಹೆಸರು ನೋಂದಣಿ ಆಯ್ತು. ಆಗ ಗಂಡಸರದ್ದೆಲ್ಲ ಜೇಬಿನ ಗಡಿಯಾರ. ಕೈಗೆ ಕಟ್ಟೋದು ಹೆಂಗಸರ ಒಡವೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಆ ಅಭಿಪ್ರಾಯ ಬದಲಾಗೋಕೆ ಮೊದಲನೇ ಮಹಾಯುದ್ಧವೂ ಒಂದು ಕಾರಣ. ಕಂದಕದಲ್ಲಿರೋ ಸೈನಿಕನಿಗೆ ಜೇಬಿಗೆ ಕೈ ಹಾಕೋ ಪುರುಸೊತ್ತು ಎಲ್ಲಿ?

1926ರಲ್ಲಿ ರೋಲೆಕ್ಸ್ 'ಆಯ್ಸ್ಟರ್' ಅನ್ನೋ ನೀರು ಹೋಗದ ವಾಚ್ ತಂತು. ಒಳ್ಳೆ ವಾಚ್, ಸರಿ. ಆದರೆ ಜನ ನಂಬಬೇಕಲ್ಲ? 1927ರ ಅಕ್ಟೋಬರ್ 7ರಂದು ಲಂಡನ್‌ನ ಟೈಪಿಸ್ಟ್ ಮರ್ಸಿಡಿಸ್ ಗ್ಲೈಟ್ಸ ಇಂಗ್ಲಿಷ್ ಕಾಲುವೆಯನ್ನ ಈಜಿ ದಾಟಿದಳು. ಹಾಗೆ ದಾಟಿದ ಮೊದಲ ಬ್ರಿಟಿಷ್ ಮಹಿಳೆ. ಕೆಲವೇ ದಿನದಲ್ಲಿ ಇನ್ನೊಬ್ಬಾಕೆ ತಾನೂ ದಾಟಿದೆ ಅಂತ ಹೇಳಿ, ಆಮೇಲೆ ಅದು ಸುಳ್ಳು ಅಂತ ಒಪ್ಪಿಕೊಂಡಳು. ಅನುಮಾನ ಗ್ಲೈಟ್ಸ ಮೇಲೂ ಬಂತು. ಆಕೆ ಅದೇ ತಿಂಗಳು 21ಕ್ಕೆ ಮತ್ತೆ ನೀರಿಗಿಳಿದಳು. ಈ ಸಲ ಅವಳ ಜೊತೆ ರೋಲೆಕ್ಸ್ ಆಯ್ಸ್ಟರ್ ಇತ್ತು.

ಗಮನಿಸಿ, ವಾಚ್ ಇದ್ದದ್ದು ಕೈಯಲ್ಲಲ್ಲ, ಕೊರಳಲ್ಲಿ. ಮತ್ತೆ ಆ ಸಲ ಆಕೆ ದಡ ಮುಟ್ಟಲಿಲ್ಲ. ಕೊರೆಯುವ ನೀರಲ್ಲಿ ಹತ್ತು ಗಂಟೆಗೂ ಮೀರಿ ಈಜಿ, ಪ್ರಜ್ಞೆ ತಪ್ಪೋ ಹೊತ್ತಿಗೆ ಅವಳನ್ನ ದೋಣಿಗೆ ಎಳೆದುಕೊಂಡರು. ಆದರೂ ಅವಳ ಛಲ ಕಂಡವರು ಅನುಮಾನ ಬಿಟ್ಟರು. ವಾಚ್ ಮಾತ್ರ ನಡೀತಾನೇ ಇತ್ತು. ನವೆಂಬರ್ 24ಕ್ಕೆ ವಿಲ್ಸ್‌ಡಾರ್ಫ್ 'ಡೈಲಿ ಮೇಲ್' ಪತ್ರಿಕೆಯ ಇಡೀ ಮುಖಪುಟವನ್ನೇ ಜಾಹೀರಾತಿಗೆ ಕೊಂಡ. ಇವತ್ತಿಗೂ ಎಷ್ಟೋ ಜನರ ಬಾಯಲ್ಲಿ ಈ ಕಥೆ 'ರೋಲೆಕ್ಸ್ ಕಟ್ಟಿಕೊಂಡು ಕಾಲುವೆ ದಾಟಿದಳು' ಅಂತಲೇ ಇದೆ. ಅಂದ್ರೆ ವಾಚಿನ ಗುಣ ನಿಜ, ಈಜಿದ್ದೂ ನಿಜ. ಇವೆರಡನ್ನೂ ಹೊಲಿದ ದಾರದ ಹೆಸರು ಬ್ರ್ಯಾಂಡ್.

ಈಗ ಸೀಕೋಗೆ ಬರೋಣ. ಆ ಕಾಲದಲ್ಲಿ ಯಾವ ವಾಚ್ ಸರಿಯಾಗಿ ನಡೆಯುತ್ತೆ ಅಂತ ನಿರ್ಧರಿಸೋಕೆ ಸ್ವಿಟ್ಜರ್ಲೆಂಡ್‌ನ ನ್ಯೂಶಾಟೆಲ್ ಮತ್ತು ಜಿನೀವಾ ವೀಕ್ಷಣಾಲಯಗಳಲ್ಲಿ ಸ್ಪರ್ಧೆ ನಡೀತಿತ್ತು. ಬೇರೆ ಬೇರೆ ಉಷ್ಣಾಂಶ, ಬೇರೆ ಬೇರೆ ಭಂಗಿಯಲ್ಲಿಟ್ಟು ವಾರಗಟ್ಟಲೆ ಅಳೆಯೋ ಪರೀಕ್ಷೆ. ಅಲ್ಲಿ ಬ್ರ್ಯಾಂಡ್ ಮುಖ ನೋಡಿ ಮಾರ್ಕ್ಸ್ ಕೊಡೋದಿಲ್ಲ. 1964ರಲ್ಲಿ ಸೀಕೋ ಕೈಗಡಿಯಾರಗಳನ್ನ ನ್ಯೂಶಾಟೆಲ್‌ಗೆ ಕಳಿಸಿದಾಗ ಸಿಕ್ಕ ಅತ್ಯುತ್ತಮ ಸ್ಥಾನ 144. ನಮ್ಮ ಕಡೆ ಹೇಳೋ ಹಾಗೆ ಮಾನ ಹೋಯ್ತು. ಆದರೆ ಸೀಕೋದ ಎರಡು ಕಾರ್ಖಾನೆಗಳು ಒಂದಕ್ಕೊಂದು ಪೈಪೋಟಿ ಮಾಡ್ತಾ ಸುಧಾರಿಸಿಕೊಂಡವು. 1967ರ ಹೊತ್ತಿಗೆ ತಯಾರಕರ ಪಟ್ಟಿಯಲ್ಲಿ ಎರಡನೇ, ಮೂರನೇ ಸ್ಥಾನ ಈ ಎರಡಕ್ಕೇ. 1968ರಲ್ಲಿ ಜಿನೀವಾದಲ್ಲಿ ಮೊದಲ ಮೂರು ಸ್ಥಾನ ಸ್ವಿಸ್ ಕ್ವಾರ್ಟ್ಜ್ ಮಾದರಿಗಳಿಗೆ ಹೋಯ್ತು. ನಾಲ್ಕರಿಂದ ಹತ್ತರವರೆಗೆ ಪೂರ್ತಿ ಸೀಕೋ. ಅಂದ್ರೆ ಮೆಕ್ಯಾನಿಕಲ್ ಕೈಗಡಿಯಾರಗಳಲ್ಲಿ ಅದೇ ಮೊದಲು.

ಮರುವರ್ಷ, 1969ರ ಡಿಸೆಂಬರ್ 25ಕ್ಕೆ, ಸೀಕೋ 'ಆಸ್ಟ್ರಾನ್' ಬಂತು. ಮಾರಾಟಕ್ಕೆ ಬಂದ ಪ್ರಪಂಚದ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಬೆಲೆ 4.5 ಲಕ್ಷ ಯೆನ್, ಆಗ ಆ ದುಡ್ಡಿಗೆ ಹತ್ತಿರಹತ್ತಿರ ಒಂದು ಸಣ್ಣ ಕಾರೇ ಬರ್ತಿತ್ತು. ತಿಂಗಳಿಗೆ ಐದು ಸೆಕೆಂಡ್ ಆಚೀಚೆ, ಅಷ್ಟೇ. ಮುಂದಿನ ವರ್ಷಗಳಲ್ಲಿ ಕ್ವಾರ್ಟ್ಜ್ ಅಗ್ಗವಾಗ್ತಾ ಹೋಯ್ತು. 1970ರಲ್ಲಿ ಸ್ವಿಸ್ ವಾಚ್ ಉದ್ಯಮದಲ್ಲಿ ಸುಮಾರು 90,000 ಜನ ಇದ್ದರು. 80ರ ದಶಕದ ಮಧ್ಯಕ್ಕೆ ಉಳಿದದ್ದು ಸುಮಾರು 30,000.

ಸರಿಯಾದ ಸಮಯ ಎಲ್ಲರ ಕೈಗೂ ಅಗ್ಗಕ್ಕೆ ಸಿಕ್ಕಮೇಲೆ ಅದನ್ನ ಮಾರೋಕಾಗಲ್ಲ. ಹಾಗಾಗಿ ಉಳಿದ ಸ್ವಿಸ್ ಕಂಪನಿಗಳಲ್ಲಿ ಹಲವು ಬೇರೆ ಸರಕು ಮಾರಿದವು: ಪರಂಪರೆ, ಕೈಕೆಲಸ, ಸಿಗೋದು ಕಷ್ಟ ಅನ್ನೋ ಭಾವನೆ. 1972ರಲ್ಲಿ ಔಡೆಮಾರ್ ಪಿಗೆ ಕಂಪನಿ 'ರಾಯಲ್ ಓಕ್' ಅನ್ನೋ ಸ್ಟೀಲ್ ವಾಚಿಗೆ 3,300 ಸ್ವಿಸ್ ಫ್ರಾಂಕ್ ಬೆಲೆ ಇಟ್ಟಿತು. ಆಗ ಅಷ್ಟು ದುಡ್ಡಿಗೆ ಚಿನ್ನದ ವಾಚೇ ಸಿಗ್ತಿತ್ತು. ಜನ ನಕ್ಕರು. ಇವತ್ತು ಅದಕ್ಕೆ ಕಾಯ್ತಾ ಕೂರ್ತಾರೆ. ರೋಲೆಕ್ಸ್ ಡೇಟೋನಾದ ಒಂದು ಬಗೆಯ ಡಯಲ್ ಮೊದಲು ಅಂಗಡೀಲಿ ಧೂಳು ತಿಂತಾ ಇತ್ತು. ನಟ ಪಾಲ್ ನ್ಯೂಮನ್ ಅದನ್ನ ಕಟ್ಟಿದ. 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಅವನ ಕೈಯಲ್ಲಿದ್ದ ಆ ವಾಚ್ 1.77 ಕೋಟಿ ಡಾಲರ್‌ಗೆ ಹೋಯ್ತು.

ಇದೆಲ್ಲ ದೊಡ್ಡವರ ಆಟ ಅಂತೀರಾ? ನಮ್ಮ ಬೆಂಗಳೂರಿನ ಎಚ್‌ಎಂಟಿ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕಾರ್ಖಾನೆ. ಮದುವೆಗೆ ಅಳಿಯನಿಗೆ ಎಚ್‌ಎಂಟಿ ಕೊಟ್ಟರೆ ಮಾವನ ಮರ್ಯಾದೆ ಉಳೀತು ಅನ್ನೋ ಕಾಲ ಇತ್ತು. ಆಮೇಲೆ ಕ್ವಾರ್ಟ್ಜ್ ಟೈಟಾನ್ ಬಂತು, ಕೀಲಿ ಕೊಡೋ ವಾಚ್ ಹಳೇ ಕಾಲದ್ದಾಯ್ತು. ನಮ್ಮಪ್ಪನೂ ಮದುವೇಲಿ ತಾತ ಕೊಟ್ಟ 'ಜನತಾ' ಬಿಚ್ಚಿ ಬೀರುವಿಗೆ ಹಾಕಿದ್ರು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಮಾಡ್ತು. ಈಗ ನನ್ನ ವಯಸ್ಸಿನವರೇ ಅದೇ 'ಜನತಾ'ವನ್ನ ಹುಡುಕಿಕೊಂಡು ಹೋಗಿ ಕೊಳ್ತಾರೆ. ಒಳಗಿರೋ ಚಕ್ರ ಒಂದೂ ಬದಲಾಗಿಲ್ಲ. ಗೌರವ, ಮುಜುಗರ, ಮತ್ತೆ ಗೌರವ. ತಿರುಗಿದ್ದು ನಾವು.

ಹಾಗಂತ ಹೆಸರೆಲ್ಲ ಮೋಸ ಅಂತ ನಾನು ಹೇಳಲ್ಲ. ಒಳ್ಳೆ ಹೆಸರಿದ್ರೆ ಸರ್ವಿಸ್ ಸಿಗುತ್ತೆ, ಮಾರುವಾಗ ದುಡ್ಡು ವಾಪಸ್ ಬರಬಹುದು. ಅದಕ್ಕೊಂದು ಬೆಲೆ ಇದೆ, ಕೊಡಿ. ಆದರೆ ಅಂಗಡೀಲಿ ಒಂದ್ಸಲ ಹೆಬ್ಬೆರಳು ಅಡ್ಡ ಇಟ್ಟು ನೋಡಿ. ಬೆರಳು ತೆಗೆದಮೇಲೆ ಎಷ್ಟು ಜಾಸ್ತಿ ಕೊಡೋಕೆ ಮನಸ್ಸಾಗುತ್ತೋ ಅಷ್ಟು ನಿಮ್ಮ ಗುಡ್‌ವಿಲ್ ಲೆಕ್ಕ. ಗೊತ್ತಿದ್ದು ಕೊಟ್ಟರೆ ಅದು ಶೋಕಿ. ಗೊತ್ತಿಲ್ಲದೆ ಕೊಟ್ಟರೆ ಅದು ಬೇರೆಯವರ ಜಾಹೀರಾತಿನ ಖರ್ಚು.

ಕೊನೆಗೆ ನಾನು ಸೀಕೋನೇ ತಗೊಂಡೆ. ಉಳಿದ ದುಡ್ಡು ಮತ್ತೆ ಡೆಪಾಸಿಟ್‌ಗೆ ಹೋಯ್ತು. ಮನೆಗೆ ಬಂದು ಅಳುಕುತ್ತಲೇ ಅಪ್ಪಂಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಡಯಲ್ ಮೇಲಿನ ಹೆಸರು ಓದಿ, ನನ್ನ ಮುಖ ನೋಡಿದ್ರು.

"ಸೀಕೋನೇನೋ! ನಮ್ಮ ಕಾಲದಲ್ಲಿ ಇದು ಫಾರಿನ್ ವಾಚು. ದುಬೈನಿಂದ ಯಾರಾದ್ರೂ ತಂದುಕೊಟ್ರೆ ಉಂಟು. ನಮ್ಮ ಆಫೀಸಲ್ಲಿ ಒಬ್ಬರ ಹತ್ರ ಇತ್ತು, ಅವರು ಬಿಸಿಲಲ್ಲೂ ತೋಳು ಮಡಚಿಕೊಂಡೇ ಓಡಾಡೋರು."

ಆಮೇಲೆ ಒಂದ್ಸಲ ಕಟ್ಟಿಕೊಳ್ಳಲಾ ಅಂತ ಕೇಳಿದ್ರು. ಕೊಟ್ಟೆ. ನಾಲ್ಕು ದಿನ ಆಯ್ತು, ಇನ್ನೂ ವಾಪಸ್ ಬಂದಿಲ್ಲ. ಸದ್ಯಕ್ಕೆ ನನ್ನ ಕೈಯಲ್ಲಿರೋದು ಬೀರುವಿನಿಂದ ತೆಗೆದ ಅವರ 'ಜನತಾ'. ದಿನಾ ಬೆಳಿಗ್ಗೆ ಕೀಲಿ ಕೊಡ್ತಿದ್ದೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.